ಸುಣ್ಣ ನೋಡುವ ಕೆಲಸ

ನನಗೆ ಬುದ್ಧಿ ಬಂದಾಗಿನಿಂದ ನಮ್ಮ ಮನೆಯಲ್ಲಿ ನನ್ನದೇ ಎಂದು ಒಂದು ಕೆಲಸವಿತ್ತು. ಅಜ್ಜಿಯ ಎಲೆಅಡಿಕೆಗೆ ಸುಣ್ಣ ನೋಡುವುದು. ಅಜ್ಜಿ ಎಂದರೆ ಅಪ್ಪನ ತಾಯಿ. ಬಾಯಲ್ಲಿ ಒಂದೂ ಹಲ್ಲಿಲ್ಲ, ಆದರೆ ಎಲೆಅಡಿಕೆ ಇಲ್ಲದೆ ಒಂದು ಹೊತ್ತೂ ಕಳೆಯುವುದಿಲ್ಲ. ಊಟವಾದ ಮೇಲೆ ಕಬ್ಬಿಣದ ಕುಟ್ಟಾಣಿಯನ್ನು ಮುಂದಿಟ್ಟುಕೊಂಡು ಅಡಿಕೆ ಚೂರು, ಎಲೆ, ಉಗುರಿನ ತುದಿಯಷ್ಟು ಸುಣ್ಣ ಹಾಕಿ ನುಣ್ಣಗೆ ಕುಟ್ಟುವವಳು ನಾನು. ಕುಟ್ಟಿ ಮುಗಿದ ಮೇಲೆ ಮೊದಲ ಚಿಟಿಕೆ ನನ್ನ ನಾಲಿಗೆಗೆ. ಸುಣ್ಣ ಹೆಚ್ಚಾಗಿದ್ದರೆ ಚುರ್ ಎನ್ನುತ್ತದೆ. ಆಗ ಇನ್ನೊಂದು ಎಲೆ ಸೇರಿಸಿ ಮತ್ತೆ ಕುಟ್ಟಬೇಕು. ಹಲ್ಲಿಲ್ಲದ ವಸಡು ಬಹಳ ಮೆತ್ತಗಿರುತ್ತದೆ, ಒಮ್ಮೆ ಬೆಂದರೆ ವಾರವಾದರೂ ಊಟ ಸೇರುವುದಿಲ್ಲ. ಅಜ್ಜಿ ಚಿಕ್ಕವಳಿದ್ದಾಗ ಅವಳ ಅಜ್ಜಿಗೆ ಅವಳೇ ಹೀಗೆ ಸುಣ್ಣ ನೋಡುತ್ತಿದ್ದಳಂತೆ. ಅದು ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಸಿಗುವ ಮೊದಲ ದೊಡ್ಡಸ್ತಿಕೆ.

ನಮ್ಮ ಊರು ಕೊಳತ್ತೂರಿನಿಂದ ಒಳಗೆ, ಮೆಟ್ಟೂರು ಅಣೆಕಟ್ಟಿನ ಹಿನ್ನೀರಿನ ಪಕ್ಕದಲ್ಲಿದೆ. ಬೀದಿಯಲ್ಲಿ ತಮಿಳು, ಹೊಸಿಲು ದಾಟಿದರೆ ಕನ್ನಡ. ಶಾಲೆಯಲ್ಲಿ ನಾನು ಕಲಿತದ್ದು ತಮಿಳೇ. ಅವ್ವ ಪಾಲಾರಿನ ಆಚೆಯಿಂದ, ಕರ್ನಾಟಕದ ಕಡೆಯಿಂದ ಮದುವೆಯಾಗಿ ಬಂದವಳು. ಅವಳು ಹಟ ಹಿಡಿದು ಕಲಿಸಿದ ಅಕ್ಷರಗಳಲ್ಲಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಬಾಯಿ ಯಾವಾಗ ಕಿರಿದಾಗತೊಡಗಿತು ಎಂದು ಡಾಕ್ಟರುಗಳು ಕೇಳಿದಾಗಲೆಲ್ಲ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದೇವೆ. ಯಾರಿಗೂ ಗೊತ್ತಿಲ್ಲ. ನೋವಿರಲಿಲ್ಲ. ಮಾತಾಡಲು ತೊಂದರೆಯಿರಲಿಲ್ಲ, ಜಗಳವಾಡಲು ಅಂತೂ ಇರಲೇ ಇಲ್ಲ. ಇನ್ನು ಊಟ. ಎರಡು ಹೊತ್ತು ರಾಗಿ ಮುದ್ದೆ. ಮುದ್ದೆಯನ್ನು ನಮ್ಮಲ್ಲಿ ಇಟ್ಟು ಎನ್ನುತ್ತಾರೆ, ಅದನ್ನು ಅಗಿಯುವವರನ್ನು ಕಂಡರೆ ನಗುತ್ತಾರೆ. "ಇಟ್ಟ ಅಗೀಬಾರ್ದು ಮಗ, ಮುರಿದು ಅದ್ದಿ ನುಂಗ್ಬೇಕು" ಎಂದು ಅಜ್ಜಿ ತೊಟ್ಟಿಲಲ್ಲೇ ಕಲಿಸುತ್ತಾಳೆ. ದಿನದಿನಕ್ಕೆ ನಾನು ಮುರಿಯುವ ತುತ್ತು ಚಿಕ್ಕದಾಗುತ್ತ ಹೋಯಿತು. ಬೆರಳಿಗೆ ಬುದ್ಧಿಯಿದೆ, ಅದು ಬಾಯಿಯ ಅಳತೆಗೆ ತಾನೇ ಹೊಂದಿಕೊಂಡಿತು. ಅನ್ನ, ರೊಟ್ಟಿ ತಿನ್ನುವ ಮನೆಯಾಗಿದ್ದರೆ ಯಾರಾದರೂ ಗಮನಿಸುತ್ತಿದ್ದರೇನೋ. ನಮ್ಮ ಮನೆಯಲ್ಲಿ ಮಾತ್ರ "ನೋಡು, ಎಷ್ಟು ನಾಜೂಕಾಗಿ ಉಣ್ತದೆ" ಎಂದು ಹೊಗಳಿದರು.

ಕಾಲೇಜಿನ ಕೊನೆಯ ವರ್ಷ ಹಿಂದಿನ ದವಡೆ ಹಲ್ಲು ನೋಯತೊಡಗಿತು. ಬ್ರಷ್ ಅಲ್ಲಿಯವರೆಗೆ ಹೋಗದೆ ಎಷ್ಟೋ ಕಾಲವಾಗಿತ್ತು, ಹುಳುಕು ಹಿಡಿಯದೆ ಏನು ಮಾಡೀತು? ಮೆಟ್ಟೂರಿನ ಹಲ್ಲಿನ ಡಾಕ್ಟರ ಬಳಿ ಅಪ್ಪನ ಜೊತೆ ಹೋದೆ. ಅವರು ದೀಪವನ್ನು ಮುಖದ ಮೇಲೆ ತಿರುಗಿಸಿ, ಕನ್ನಡಿಯಿಟ್ಟ ಕಡ್ಡಿ ಹಿಡಿದು, "ವಾಯ ತೊರ ಮಾ" ಎಂದರು. ತೆರೆದೆ.

"ಇನ್ನುಂ ಕೊಂಜಂ."

ಇನ್ನು ಸ್ವಲ್ಪ ಎಂದರೆ ಎಲ್ಲಿಂದ ತರಲಿ? ಇದೇ ಪೂರ್ತಿ ಎಂದೆ. ಅವರು ನನ್ನದೇ ಕೈ ಹಿಡಿದು, ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಡಲು ಹೇಳಿದರು. ಎಲ್ಲರ ಬಾಯಿಯೂ ಅವರವರ ಮೂರು ಬೆರಳಿನಷ್ಟು ತೆರೆಯುತ್ತದಂತೆ. ಅಪ್ಪ ಪಕ್ಕದಲ್ಲಿ ನಿಂತು ತನ್ನ ಮೂರು ಬೆರಳನ್ನು ಬಾಯಿಗೆ ಇಟ್ಟುಕೊಂಡ, ಸರಾಗವಾಗಿ ಹೋಯಿತು. ನನ್ನದು ಒಂದು ಬೆರಳಿಗೇ ಹಲ್ಲು ತಗುಲುತ್ತಿತ್ತು. ಆ ಕುರ್ಚಿಯ ಮೇಲೆ ಮೊದಲ ಬಾರಿಗೆ ನನಗೆ ಭಯವಾಯಿತು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎನ್ನುತ್ತಾರೆ. ನನಗೆ ಹಲ್ಲೂ ಇತ್ತು, ಕಡಲೆಯೂ ಇತ್ತು, ಬಾಗಿಲು ಮುಚ್ಚುತ್ತಿತ್ತು.

"ಪಾಕು ಹಾಕ್ತೀಯಾ? ಹಾನ್ಸು, ಗುಟ್ಕಾ, ಏನಾದರೂ?" ಡಾಕ್ಟರು ಕೇಳಿದರು.

ಅಡಿಕೆಗೆ ತಮಿಳಿನಲ್ಲಿ ಪಾಕು. ಇಲ್ಲ ಎಂದು ಹೇಳಬೇಕಾಗಿತ್ತು. ನಾನು ಸತ್ಯವಂತೆಯಂತೆ ಕುಟ್ಟಾಣಿಯ ಕಥೆ ಹೇಳಿದೆ, ಚಿಕ್ಕಂದಿನಿಂದ ದಿನವೂ ನಾಲಿಗೆಗೆ ಹಚ್ಚಿಕೊಳ್ಳುವ ಚಿಟಿಕೆಯ ಸಮೇತ. ಅಷ್ಟು ಸಾಕಾಯಿತು. ಅಡಿಕೆ ತಿಂದವರ ಕೆನ್ನೆ ಒಳಗಿಂದ ನಾರಿನ ಹಾಗೆ ಬಿಗಿದುಕೊಳ್ಳುತ್ತದೆ, ಇದು ಅದೇ ಎಂದು ಅವರು ತೀರ್ಮಾನಿಸಿದರು. ಹಾಗೆ ಆಗುವುದು ನಿಜ, ನಮ್ಮ ಕಡೆ ಬೇಕಾದಷ್ಟು ಜನಕ್ಕೆ ಆಗಿದೆ. ವಾರಕ್ಕೊಮ್ಮೆ ಕೆನ್ನೆಯೊಳಗೆ ಸೂಜಿ ಹಾಕಬೇಕು ಎಂದರು. ಅವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಸುಳ್ಳೇಕೆ, ಸ್ವಲ್ಪ ಇದೆ.

ಮನೆಗೆ ಬಂದಾಗ ಅಜ್ಜಿ ಜಗುಲಿಯ ಮೇಲೆ ಕೂತು ಕಾಯುತ್ತಿದ್ದಳು. ಅಪ್ಪ ಚಪ್ಪಲಿ ಬಿಡುತ್ತಲೇ, "ಅಡ್ಕೆಯಿಂದ ಆಗಿರೋದಂತೆ. ನಿನ್ನ ಕುಟ್ಟಾಣಿ ಸವಾಸ" ಎಂದುಬಿಟ್ಟ. ಅಷ್ಟೇ. ಬೈಯಲಿಲ್ಲ, ಕೂಗಲಿಲ್ಲ. ಬೈದಿದ್ದರೆ ಅಜ್ಜಿ ಎರಡು ಬೈದು ಸಮಾಧಾನವಾಗುತ್ತಿದ್ದಳು. ಅವಳು ಬಾಯಲ್ಲಿದ್ದುದನ್ನು ಅಂಗಳಕ್ಕೆ ಉಗಿದು, ನೀರು ತರಿಸಿಕೊಂಡು ಬಾಯಿ ಮುಕ್ಕಳಿಸಿದಳು. ಆಮೇಲೆ ನನ್ನನ್ನು ಹತ್ತಿರ ಕರೆದು, ಗಲ್ಲ ಹಿಡಿದು, ಬಾಯಿ ತೆರೆಸಿ ನೋಡಿದಳು.

"ಮಾದಪ್ಪನ ಮ್ಯಾಲಾಣೆ. ಈ ಕೂಸಿನ ಬಾಯಿ ಬಿಡೋಗಂಟ ನಾ ಎಲೆ ಮುಟ್ಟಾಕಿಲ್ಲ."

ಮರುದಿನ ಹಳೆ ಕಬ್ಬಿಣದವನ ಗಾಡಿ ಬಂತು. ಈಗ ಅವರು ಹಳೆ ಸಾಮಾನಿಗೆ ಪ್ಲಾಸ್ಟಿಕ್ ಬಕೆಟ್ ಕೊಡುತ್ತಾರೆ, ಈರುಳ್ಳಿ ಕೊಡುತ್ತಾರೆ. ಅಜ್ಜಿ ಮಾತ್ರ ಹಳೆಯ ಕಾಲದಂತೆ ಖರ್ಜೂರವೇ ಬೇಕೆಂದು ರಸ್ತೆಯಲ್ಲಿ ಜಗಳವಾಡಿ, ಅವನನ್ನು ಅಂಗಡಿಗೆ ಓಡಿಸಿ ತರಿಸಿದಳು. ಕುಟ್ಟಾಣಿ ಹೋಯಿತು, ಕಾಗದದ ಪೊಟ್ಟಣ ಬಂತು. "ತಿನ್ನು ಮಗ, ಮೆತ್ತಗೈತೆ" ಎಂದು ಒಂದೊಂದನ್ನೇ ಬೀಜ ತೆಗೆದು, ಅದುಮಿ ಚಪ್ಪಟೆ ಮಾಡಿ ನನ್ನ ಹಲ್ಲಿನ ನಡುವೆ ತೂರಿಸಿದಳು. ನುಂಗಿದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನನ್ನ ಕೆನ್ನೆಗಳಿಗೆ ಸೂಜಿ ಬಿದ್ದದ್ದೂ ಹಾಗೆಯೇ. ವಾರ ವಾರ ಬಸ್ಸು ಹತ್ತಿ ಮೆಟ್ಟೂರಿಗೆ ಹೋಗುವುದು, ಕೆನ್ನೆ ಊದಿಸಿಕೊಂಡು ಬರುವುದು. ಬಾಯಿ ಕೂದಲೆಳೆಯಷ್ಟೂ ಹಿಗ್ಗಲಿಲ್ಲ. ಇತ್ತ ಎಲೆಅಡಿಕೆ ಬಿಟ್ಟ ಅಜ್ಜಿಗೆ ತಲೆನೋವು, ನಡುಕ, ಊಟ ಸೇರದು. ಮುದ್ದೆಯನ್ನು ತಟ್ಟೆಯಲ್ಲಿ ತಿರುಗಿಸಿ ತಿರುಗಿಸಿ ಬಿಟ್ಟು ಏಳುತ್ತಿದ್ದಳು. ರವಿಕೆ ಭುಜದಿಂದ ಜಾರತೊಡಗಿತು. ಅವಳನ್ನು ನೋಡಿದರೆ ನನಗೆ ಅಳುವಲ್ಲ, ಸಿಟ್ಟು ಬರುತ್ತಿತ್ತು. ಒಂದು ದಿನ ನಾನೇ ಎಲೆ ತಂದು ಮುಂದಿಟ್ಟು, "ತಿನ್ನು, ನೀ ಸತ್ರೆ ನನ್ನ ಬಾಯಿ ಬಿಡ್ತದಾ?" ಎಂದು ಕಿರುಚಿದೆ. ಹಲ್ಲಿನ ಸಂದಿಯಿಂದ ಕಿರುಚುವುದೂ ಕಷ್ಟ, ಹಾವು ಬುಸುಗುಟ್ಟಿದ ಹಾಗೆ ಕೇಳಿಸುತ್ತದೆ. ಅಜ್ಜಿ ಎಲೆಯನ್ನು ಎತ್ತಿ ಆಡಿಗೆ ಹಾಕಿದಳು.

ಹೀಗಿರುವಾಗ ಒಂದು ಮಧ್ಯಾಹ್ನ ನನಗೆ ಹೊಟ್ಟೆ ಕೆಟ್ಟು ವಾಂತಿ ಬಂತು. ಅಪ್ಪ ಅವ್ವ ಹೊಲದಲ್ಲಿದ್ದರು. ಮನೆಯಲ್ಲಿ ನಾನು, ಅಜ್ಜಿ. ವಾಂತಿ ಎಂದರೆ ಬಾಯಿ ತಾನಾಗಿ ಅಗಲವಾಗುತ್ತದೆ, ಯಾರೂ ಯೋಚಿಸಬೇಕಾಗಿಲ್ಲ. ನನ್ನದು ಅಗಲವಾಗಲಿಲ್ಲ. ಒಳಗಿನಿಂದ ನುಗ್ಗಿದ್ದು ಹಲ್ಲಿಗೆ ಬಡಿದು ಹಿಂದಕ್ಕೆ ಹೋಯಿತು, ಮೂಗಿನಲ್ಲಿ ಬಂತು, ಉಸಿರಿನ ದಾರಿಗೆ ಇಳಿಯಿತು. ಕಣ್ಣು ಕತ್ತಲೆಯಾಯಿತು. ಉಸಿರು ಎಳೆದರೆ ನೀರು ಎಳೆದ ಹಾಗಾಗುತ್ತಿತ್ತು. ಸಾಯುವುದೆಂದರೆ ಇಷ್ಟು ಸುಲಭವೇ, ಹೊಟ್ಟೆನೋವಿಗೆ? ಎಂದು ಯೋಚಿಸಿದ್ದು ನೆನಪಿದೆ.

ಅಜ್ಜಿ ಎಲ್ಲಿಂದ ಬಲ ತಂದಳೋ. ನನ್ನನ್ನು ಮಂಚದ ಮೇಲೆ ಬೋರಲು ಕೆಡವಿ, ತಲೆ ಮಂಚದಿಂದ ಕೆಳಗೆ ತೂಗುವಂತೆ ಎಳೆದಳು. ಕೆನ್ನೆಗೂ ಹಲ್ಲಿಗೂ ನಡುವೆ ಬೆರಳು ತೂರಿಸಿ, ದವಡೆಯ ಹಿಂದಿನ ಸಂದಿಯಿಂದ ಬಳಿದು ಬಳಿದು ತೆಗೆದಳು. ಇನ್ನೊಂದು ಕೈಯಿಂದ ಬೆನ್ನಿಗೆ ಗುದ್ದುತ್ತಿದ್ದಳು. "ಉಗಿ! ಉಗಿಯೇ! ಯಾರಾದ್ರೂ ಬನ್ರಪ್ಪೋ!" ಕೊನೆಗೆ ಉಸಿರು ಬಂತು. ಅವಳ ಬೆರಳಿನಿಂದ ರಕ್ತ ಬರುತ್ತಿತ್ತು. ನನ್ನ ಹಲ್ಲು ಕಚ್ಚಿದ್ದು ನನಗೆ ತಿಳಿದೇ ಇರಲಿಲ್ಲ.

ಮೆಟ್ಟೂರು ಸಾಕು, ನಾಳೆ ಸೇಲಂ ಎಂದ ಅಪ್ಪ. ನಾನೂ ಬರ್ತೀನಿ ಎಂದು ಅಜ್ಜಿ ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೊರಟಳು.

ಸೇಲಂನಲ್ಲಿ ನಮ್ಮನ್ನು ನೋಡಿದವರು ಮುಖ ಮತ್ತು ದವಡೆಯ ಆಪರೇಷನ್ ಮಾಡುವ ಡಾಕ್ಟರಮ್ಮ. ಹೆಚ್ಚು ಮಾತಿಲ್ಲದ ಹೆಂಗಸು. ನಾನು ಬಾಯಿ ತೆರೆಯುವ ಮೊದಲೇ ಮೂಲೆಯ ಬೆಂಚಿನಿಂದ ಅಜ್ಜಿ ಎದ್ದು ನಿಂತು, ಕೈ ಜೋಡಿಸಿ, ಹರುಕು ತಮಿಳಿನಲ್ಲಿ ತಪ್ಪೊಪ್ಪಿಕೊಂಡಳು. ಅಡಿಕೆ, ಕುಟ್ಟಾಣಿ, ಚಿಟಿಕೆ, ಎಲ್ಲ. ತಾನೇ ಈ ಹುಡುಗಿಯ ಬಾಯಿ ಕಟ್ಟಿದವಳು ಎಂದಳು. ಡಾಕ್ಟರಮ್ಮ ಅವಳನ್ನು ಕೂರಲು ಹೇಳಿ, ಗ್ಲೌಸ್ ಹಾಕಿದ ಬೆರಳನ್ನು ನನ್ನ ಕೆನ್ನೆಯೊಳಗೆ ನಿಧಾನವಾಗಿ ಆಡಿಸಿದರು.

"ಖಾರ ತಿಂದರೆ ಬಾಯಿ ಉರಿಯುತ್ತಾ?"

ಉರಿಯುವುದಿಲ್ಲ. ನಮ್ಮ ಮನೆಯ ಮೆಣಸಿನ ಗೊಜ್ಜು ತಿಂದು ಬೆಳೆದವಳು ನಾನು.

"ಕೆನ್ನೆ ಮೆತ್ತಗಿದೆ. ಅಡಿಕೆಯಿಂದ ಆಗಿದ್ದರೆ ಇಲ್ಲಿ ಹಗ್ಗದ ಹಾಗೆ ಕೈಗೆ ಸಿಗಬೇಕು." ಆಮೇಲೆ ಬಲವಾಗಿ ತೆರೆ ಎಂದು ಹೇಳಿ, ಬೆರಳನ್ನು ಮೇಲಿನ ದವಡೆಯ ಹಿಂದಕ್ಕೆ ಒಯ್ದರು. ಒಳಗೆ ಕಲ್ಲಿಗೆ ಕಲ್ಲು ತಾಗಿದ ಹಾಗೆ ಏನೋ ನಿಂತದ್ದು ನನಗೂ ಗೊತ್ತಾಯಿತು. ಅವರ ಹುಬ್ಬು ಮೇಲೇರಿತು. "ಇದು ಚರ್ಮ ಅಲ್ಲ, ಎಲುಬು" ಎಂದರು.

ತಲೆಯ ಸುತ್ತ ತಿರುಗುವ ಯಂತ್ರದಲ್ಲಿ ಇಡೀ ದವಡೆಯ ಎಕ್ಸ್-ರೇ ತೆಗೆಸಿದರು, ಆಮೇಲೆ ಸ್ಕ್ಯಾನ್. ಕಂಪ್ಯೂಟರಿನ ಪರದೆಯ ಮೇಲೆ ನನ್ನ ತಲೆಬುರುಡೆ ಬಂದು ನಿಂತಿತು. ಮೌಸಿನಿಂದ ತಿರುಗಿಸಿದರೆ ಅದು ಆ ಕಡೆ ಈ ಕಡೆ ನೋಡುತ್ತಿತ್ತು. ಕೆಳದವಡೆಯ ಹಿಂಭಾಗದಲ್ಲಿ ಎರಡು ಕಡೆ ಎಲುಬಿನ ಚೂಪು ಮೇಲಕ್ಕೆ ಎದ್ದಿರುತ್ತದೆ, ಎಲ್ಲರಿಗೂ ಇರುತ್ತದೆ, ಬಾಯಿ ತೆರೆದಾಗ ಅದು ಕೆನ್ನೆಯ ಎಲುಬಿನ ಒಳಗಿನಿಂದ ಜಾರಿ ಹೋಗಬೇಕು. ನನ್ನದು ಎರಡು ಕಡೆಯೂ ಮಿತಿಮೀರಿ ಬೆಳೆದಿತ್ತು. ತೆರೆಯಲು ಹೋದರೆ ಕೆನ್ನೆ ಎಲುಬಿಗೆ ಹೋಗಿ ಒದೆಯುತ್ತಿತ್ತು. ಡಾಕ್ಟರಮ್ಮ ಪೆನ್ನಿನ ತುದಿಯಿಂದ ತೋರಿಸಿದರು.

ಅಜ್ಜಿ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. "ಆಡಿನ ದವಡೆಲೂ ಇಂಗೇ ಐತೆ. ತಲೆ ಮಾಂಸ ಮಾಡುವಾಗ ಇದನ್ನ ತಿರುಚಿ ಎಳೀದೆ ದವಡೆ ಬಿಡಾಕಿಲ್ಲ."

ನಾನು ತಮಿಳಿಗೆ ತಿರುಗಿಸಿ ಹೇಳಿದೆ. ಡಾಕ್ಟರಮ್ಮ ಮೊದಲ ಬಾರಿ ನಕ್ಕರು. ಹೌದು ಅಜ್ಜಿ, ಅದೇ, ಅದನ್ನು ಕತ್ತರಿಸಿ ತೆಗೆಯಬೇಕು, ಅಡಿಕೆಗೂ ಇದಕ್ಕೂ ಏನೇನೂ ಸಂಬಂಧವಿಲ್ಲ ಎಂದರು. ಯಾಕೆ ಬೆಳೆಯಿತು ಎಂದು ಅಪ್ಪ ಕೇಳಿದ. ಕೆಲವರಿಗೆ ಬೆಳೆಯುವ ವಯಸ್ಸಿನಲ್ಲಿ ಹಾಗಾಗುತ್ತದೆ, ಯಾಕೆಂದು ಖಚಿತವಾಗಿ ಯಾರಿಗೂ ಗೊತ್ತಿಲ್ಲ ಎಂದರು.

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ನನಗಾಗಿ ಅಲ್ಲ, ನನಗೆ ಇನ್ನೂ ಆಪರೇಷನ್ ಇತ್ತಲ್ಲ. ಅಜ್ಜಿಗಾಗಿ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿ, "ಕೇಳ್ದಾ? ಅಡ್ಕೆ ಅಲ್ಲ. ಇನ್ನ ಎಲೆ ಆಕ್ಕೋ" ಎಂದೆ. ಅವಳು ಮೇಚ್ಚೇರಿ ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

"ಅಡ್ಕೆ ಅಲ್ದಿದ್ರೆ ಸುಣ್ಣ."

"ಏನು ಸುಣ್ಣ?"

"ಬಸುರಿ ಎಂಗಸ್ರಿಗೆ ಎಲೆಗೆ ಸುಣ್ಣ ಜಾಸ್ತಿ ಅಚ್ಚಿ ಕೊಡ್ತೀವಿ, ಯಾಕೇಳು? ಕೂಸಿನ ಎಲುಬು ಬಲೀಲಿ ಅಂತ. ಮೊಟ್ಟೆ ಇಡೋ ಕೋಳಿಗೂ ಆಕ್ತೀವಿ. ನಿಂಗೆ ಆಲು ಕುಡಿಯೋ ವಯಸ್ಸಿಂದ ನಾ ಸುಣ್ಣ ನೆಕ್ಕಿಸಿವ್ನಿ. ಎಲುಬು ಬೆಳೀದೆ ಇನ್ನೇನಾದಾತು?"

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅವಳ ಲೆಕ್ಕದಲ್ಲಿ ಎಲ್ಲವೂ ಹೊಂದುತ್ತಿತ್ತು. ಯಾಕೆಂದು ಯಾರಿಗೂ ಗೊತ್ತಿಲ್ಲ ಎಂಬ ಮಾತು ಅವಳಿಗೆ ಹಿಡಿಸಲಿಲ್ಲ, ಕಾರಣವಿಲ್ಲದೆ ಕೂಸಿಗೆ ಕೇಡು ಬರುವ ಲೋಕಕ್ಕಿಂತ ತಾನೇ ಕಾರಣವಾಗಿರುವ ಲೋಕ ಅವಳಿಗೆ ವಾಸಿ ಅನಿಸಿರಬೇಕು. ಇಡೀ ದಾರಿ ವಾದಿಸಿದೆ. ಕಲ್ಲಿಗೆ ನೀರು ಹೊಯ್ದಂತಾಯಿತು.

ಆಪರೇಷನ್ನಿನ ಹಿಂದಿನ ದಿನ ಅರಿವಳಿಕೆ ಕೊಡುವ ಡಾಕ್ಟರು ಬಂದು ನನ್ನ ಬಾಯಿ ನೋಡಿ ತಲೆ ಆಡಿಸಿದರು. ಬೇರೆಯವರಿಗಾದರೆ ನಿದ್ದೆ ಬರಿಸಿ, ಬಾಯಿ ತೆರೆದು, ಗಂಟಲಿಗೆ ಉಸಿರಿನ ಕೊಳವೆ ಇಳಿಸುತ್ತಾರೆ. ನನ್ನ ಬಾಯಿ ತೆರೆಯದು. ನಿದ್ದೆ ಬರಿಸಿದ ಮೇಲೆ ಉಸಿರು ನಿಂತರೆ ಕೊಳವೆ ಹಾಕಲು ದಾರಿಯೇ ಇಲ್ಲ. ಆದ್ದರಿಂದ ಎಚ್ಚರವಿರುವಾಗಲೇ ಮೂಗಿನಿಂದ, ತುದಿಯಲ್ಲಿ ದೀಪವಿರುವ ಸಣ್ಣ ನಳಿಕೆಯ ಜೊತೆ, ಕೊಳವೆಯನ್ನು ಇಳಿಸಬೇಕು. ಅದೂ ಆಗದಿದ್ದರೆ ಕತ್ತಿನಲ್ಲಿ ತೂತು ಮಾಡಬೇಕಾಗಬಹುದು ಎಂದು ಅವರು ಅಪ್ಪನಿಗೆ ಹೇಳಿದರು. ಅಪ್ಪ ನನ್ನ ಕತ್ತನ್ನು ನೋಡಿದ, ಆಮೇಲೆ ಗೋಡೆಯನ್ನು ನೋಡುತ್ತ ನಿಂತ. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಬೆಳಿಗ್ಗೆ ಒಳಗೆ ಕರೆದುಕೊಂಡು ಹೋಗುವಾಗ ಅಜ್ಜಿ ನನ್ನ ಹಣೆಗೆ ಮಾದಪ್ಪನ ವಿಭೂತಿ ಹಚ್ಚಿದಳು. ನರ್ಸ್ ಅದನ್ನು ಒರೆಸಿದಳು. ಅಜ್ಜಿ ಅವಳನ್ನು ನೋಡಿದ ನೋಟಕ್ಕೆ ನಾನಾಗಿದ್ದರೆ ಓಡಿಹೋಗುತ್ತಿದ್ದೆ.

ಮೂಗಿಗೆ, ಗಂಟಲಿಗೆ ಕಹಿ ಔಷಧಿ ಹೊಡೆದರು. ಗಂಟಲು ಮರಗಟ್ಟಿ ಇಲ್ಲವೇ ಇಲ್ಲವಾಯಿತು. ಉಗುಳು ನುಂಗಿದೆನೋ ಇಲ್ಲವೋ ತಿಳಿಯದು. ನಳಿಕೆ ಮೂಗಿನೊಳಗೆ ಹರಿಯಿತು. "ಮೂಚ್ಚ ಇಳು ಮಾ, ನಿದಾನಮಾ" ಎಂದು ಡಾಕ್ಟರು ತಲೆಯ ಹಿಂದಿನಿಂದ ಹೇಳುತ್ತಲೇ ಇದ್ದರು. ಉಸಿರೆಳೆ, ನಿಧಾನವಾಗಿ. ಎಳೆದೆ. ನಳಿಕೆ ಗಂಟಲಿನ ಬಾಗಿಲು ದಾಟಿದ ಕ್ಷಣ ಕೆಮ್ಮು ಬಂತು, ಕೆಮ್ಮಲು ಬಾಯಿಯಿಲ್ಲ. ಮಂಚದ ಮೇಲಿನ ಆ ಮಧ್ಯಾಹ್ನ ಮತ್ತೆ ಬಂತು. ಕೈ ಎತ್ತಿ ಅದನ್ನು ಕಿತ್ತು ಎಸೆಯಲು ಹೋದೆ, ಯಾರೋ ಹಿಡಿದುಕೊಂಡರು. "ಅಲ್ಲಾಡಬೇಡ, ಈಗ ಅಲ್ಲಾಡಬೇಡ!" ಡಾಕ್ಟರಮ್ಮನ ಧ್ವನಿ. ನಾನು ಕಣ್ಣು ಮುಚ್ಚಿ ಅಜ್ಜಿಯ ಬೆರಳನ್ನು ನೆನೆದೆ, ಬಳಿದು ಬಳಿದು ತೆಗೆದ ಆ ಬೆರಳನ್ನು. ಕೊಳವೆ ಒಳಗೆ ಇಳಿಯಿತು. ಗಾಳಿ ಬಂತು. ಆಮೇಲೆ ಏನೂ ನೆನಪಿಲ್ಲ.

ಎಚ್ಚರವಾದಾಗ ಮುಖ ಹಲಸಿನ ಹಣ್ಣಿನಷ್ಟು ಊದಿತ್ತು. ಹೊರಗೆ ಎಲ್ಲೂ ಗಾಯವಿಲ್ಲ, ಬಾಯಿಯೊಳಗಿನಿಂದಲೇ ಕೊಯ್ದು ಎರಡು ಕಡೆಯ ಎಲುಬನ್ನೂ ತೆಗೆದಿದ್ದರು. ಟೇಬಲಿನ ಮೇಲೆ ಮಲಗಿದ್ದಾಗ ಬಾಯಿ ಮೂರು ಬೆರಳು ತೆರೆಯಿತಂತೆ. ಅವ್ವ ಅತ್ತಳು. ಡಾಕ್ಟರಮ್ಮ ಮಾತ್ರ ನಗಲಿಲ್ಲ. "ನನ್ನ ಕೆಲಸ ಮುಗಿಯಿತು. ಇನ್ನು ನಿನ್ನದು" ಎಂದು ಐಸ್‌ಕ್ರೀಮ್ ಕಡ್ಡಿಗಳ ಕಟ್ಟೊಂದನ್ನು ಕೊಟ್ಟರು. ದಿನಕ್ಕೆ ಹಲವು ಬಾರಿ ಅವನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ನಡುವೆ ಇನ್ನೊಂದನ್ನು ತೂರಿಸಿ ಬಾಯಿಯನ್ನು ಹಿಗ್ಗಿಸಬೇಕು. ಬಿಟ್ಟರೆ ಒಳಗಿನ ಗಾಯ ಮಾಯುವಾಗ ಬಿಗಿದುಕೊಂಡು ಬಾಯಿ ಮತ್ತೆ ಮುಚ್ಚುತ್ತದೆ.

ಆ ನೋವನ್ನು ಬರೆಯಲಾರೆ. ಮಾಯುತ್ತಿದ್ದ ಗಾಯವನ್ನು ದಿನವೂ ನಾನೇ ಬಿಚ್ಚಬೇಕಾಗಿತ್ತು. ಮನೆಗೆ ಬಂದ ಕೆಲವು ದಿನ ಮಾಡಿದೆ. ಒಂದು ಬೆಳಿಗ್ಗೆ ಕಡ್ಡಿಯ ಜೊತೆ ರಕ್ತ ಬಂತು, ಕಟ್ಟನ್ನೇ ಅಂಗಳಕ್ಕೆ ಎಸೆದು ಗೋಡೆಯ ಕಡೆ ತಿರುಗಿ ಮಲಗಿದೆ. ಯಾರು ಹೇಳಿದರೂ ಕೇಳಲಿಲ್ಲ. ಸಿಟ್ಟು ಬಂದರೆ ನಾನು ಹಾಗೆಯೇ, ನಮ್ಮಪ್ಪನ ಮಗಳು.

ಮುಂದಿನ ಬಾರಿ ಸೇಲಂಗೆ ಹೋದಾಗ ಡಾಕ್ಟರಮ್ಮ ಬಾಯಿಗೆ ಅಳತೆ ಹಿಡಿದು ನೋಡಿದರು. ಎರಡು ಬೆರಳಿಗೂ ಕಷ್ಟವಾಗಿತ್ತು.

"ಬಿಗಿಯುತ್ತಿದೆ. ಇನ್ನು ಸ್ವಲ್ಪ ದಿನ ಬಿಟ್ಟರೆ ಮತ್ತೆ ಆ ಟೇಬಲ್, ಮತ್ತೆ ಆ ಕೊಳವೆ. ಬೇಕಾ?"

ಬೇಡ ಎಂದು ತಲೆಯಾಡಿಸಿದೆ. ಆದರೆ ಮನೆಗೆ ಬಂದು ಕಡ್ಡಿಯನ್ನು ಬಾಯಿಯವರೆಗೆ ಒಯ್ದು ಮತ್ತೆ ಕೆಳಗಿಡುತ್ತಿದ್ದೆ. ಕಡ್ಡಿಗಳನ್ನು ಅಂಗಳದಿಂದ ಆರಿಸಿ, ಬಿಸಿನೀರಲ್ಲಿ ತೊಳೆದು, ಬಟ್ಟೆಯಲ್ಲಿ ಕಟ್ಟಿಟ್ಟವಳು ಅಜ್ಜಿ. ಅವಳು ನನ್ನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ಕೆನ್ನೆಯ ಗುಳಿ ಇನ್ನೂ ಆಳವಾಗಿತ್ತು. ಎಲೆಯಿಲ್ಲದ ಆ ಬಾಯಿ ಬಣ್ಣ ಕಳೆದುಕೊಂಡು ಬಿಳಿಚಿಕೊಂಡಿತ್ತು. ಹುಟ್ಟಿದಾಗಿನಿಂದ ಕೆಂಪಾಗಿಯೇ ನೋಡಿದ ಬಾಯಿ.

"ತೆಗಿ ಬಾಯಿ. ಆ..." ಎಂದಳು.

ಕೂಸಿಗೆ ಉಣಿಸುವವರು ತುತ್ತು ಹಿಡಿದಾಗ ತಮಗೆ ತಿಳಿಯದೆ ತಾವೂ ಬಾಯಿ ತೆರೆಯುತ್ತಾರಲ್ಲ, ಹಾಗೆ ಅವಳು ತನ್ನ ಬೊಚ್ಚು ಬಾಯಿಯನ್ನು ಅಗಲವಾಗಿ ತೆರೆದಳು. ಪೂರ್ತಿ ಗಂಟಲವರೆಗೆ ಕಾಣುವ ಹಾಗೆ. ನಾನು ಕಡ್ಡಿ ಇಟ್ಟೆ. ನೋವಿಗೆ ನನ್ನ ಕಣ್ಣಲ್ಲಿ ನೀರು ಬಂದರೆ ಅವಳ ಕಣ್ಣಲ್ಲೂ ಬರುತ್ತಿತ್ತು, ಆದರೂ ಬಾಯಿ ಮುಚ್ಚುತ್ತಿರಲಿಲ್ಲ. ನಾನು ಮುಚ್ಚುವವರೆಗೆ ಅವಳು ಮುಚ್ಚುವುದಿಲ್ಲ. ದವಡೆ ನೋಯುವುದಿಲ್ಲವಾ ಮುದುಕಿಗೆ? ನಾಚಿಕೆಯಾಗಿ ಇನ್ನೊಂದು ಕಡ್ಡಿ ತೂರಿಸಿದೆ. ದಿನವೂ ಹೀಗೇ. ಅಡುಗೆಮನೆಯಿಂದ ಅವ್ವ ನೋಡಿ, "ಎರಡು ಕಾಗೆ ಮರಿ" ಎಂದು ನಗಾಡುತ್ತಿದ್ದಳು. ಒಳಗೊಳಗೇ ಅವಳಿಗೂ ಒಂದೇ ಹೆದರಿಕೆ. ಈ ಬಾಯಿ ತೆರೆಯದಿದ್ದರೆ ಎಲೆ ಮುಟ್ಟದ ಅತ್ತೆ ಎಷ್ಟು ದಿನ ಉಳಿದಾಳು?

ಕೊನೆಗೆ ಒಂದು ದಿನ ಮಧ್ಯಾಹ್ನ, ನಾನು ಯಾರಿಗೂ ಹೇಳದೆ, ಕನ್ನಡಿಯ ಮುಂದೆ ಮೂರು ಬೆರಳು ಜೋಡಿಸಿ ಇಟ್ಟೆ. ಹೋಯಿತು. ಒತ್ತಬೇಕಾಗಲಿಲ್ಲ. ಓಡಿಬಂದು ಅಜ್ಜಿಯ ಮುಂದೆ ನಿಂತು ಬಾಯಿ ತೆರೆದೆ. ಅವಳು ನನ್ನ ಬೆರಳನ್ನು ನಂಬಲಿಲ್ಲ. ಕೈ ತೊಳೆದುಕೊಂಡು ಬಂದು ತನ್ನ ದಪ್ಪ, ಒರಟು ಬೆರಳುಗಳನ್ನೇ ಇಟ್ಟು ನೋಡಿದಳು, ನಡುಬೆರಳಿನ ಮೇಲೆ ನನ್ನ ಹಲ್ಲಿನ ಹಳೆ ಗುರುತು ಇನ್ನೂ ಇತ್ತು. "ಬಿಡ್ತು" ಎಂದಳು. ಕಂಬಕ್ಕೆ ಒರಗಿ ಕೂತು, "ಮಾದಪ್ಪಾ, ಬಿಡ್ತು ಕಣಪ್ಪಾ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಪ್ಪ ಅವತ್ತೇ ಕೊಳತ್ತೂರಿಗೆ ಹೋಗಿ ಹೊಸ ಕುಟ್ಟಾಣಿ, ಎಲೆ, ಅಡಿಕೆ, ಸುಣ್ಣ ತಂದ. ನಾನು ಕುಟ್ಟಲು ಕೂತೆ. ಹೊಸ ಕುಟ್ಟಾಣಿ, ಕೈ ಮರೆತಿತ್ತು. ಸುಣ್ಣ ಎಷ್ಟು ಹಾಕಿದೆನೋ ನನಗೇ ಗುಮಾನಿ. ನುಣ್ಣಗಾದ ಮೇಲೆ ಹಳೆಯ ಅಭ್ಯಾಸದಂತೆ ಮೊದಲ ಚಿಟಿಕೆ ತೆಗೆದು ನಾಲಿಗೆಗೆ ಒಯ್ಯುತ್ತಿದ್ದೆ, ಅಜ್ಜಿ ನನ್ನ ಕೈಯನ್ನು ಗಬಕ್ಕನೆ ಹಿಡಿದಳು.

"ಬ್ಯಾಡ!"

"ಸುಣ್ಣ ನೋಡ್ತೀನಿ ಅಜ್ಜಿ."

"ನೋಡೋದು ಬ್ಯಾಡ. ಕೊಡಿಲ್ಲಿ."

ಚಿಟಿಕೆಯನ್ನೂ ಕುಟ್ಟಾಣಿಯಲ್ಲಿ ಇದ್ದುದನ್ನೂ ಬಳಿದು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಮೆದ್ದಳು. ಎರಡೂ ಕಣ್ಣಿನಿಂದ ನೀರು ಧಾರಾಕಾರ ಇಳಿಯಿತು. ಇಷ್ಟು ತಿಂಗಳ ಮೇಲೆ ಎಲೆ ಸಿಕ್ಕಿತಲ್ಲ ಎಂದು ನಾವೆಲ್ಲ ಅಂದುಕೊಂಡೆವು. ಅವ್ವ ಅವಳ ಬೆನ್ನು ಸವರಿದಳು. ತುಟಿ ಕೆಂಪಾದದ್ದು ನೋಡಿ ನನಗೆ ಮನೆ ಮತ್ತೆ ಮನೆಯಾದ ಹಾಗೆ ಅನಿಸಿತು.

ಬಾಯಿ ತೆರೆದರೂ ಕಡ್ಡಿ ಬಿಡುವಂತಿರಲಿಲ್ಲ, ಇನ್ನೂ ತಿಂಗಳುಗಟ್ಟಲೆ ಮಾಡಬೇಕಿತ್ತು. ಮರುದಿನ ಬೆಳಿಗ್ಗೆ ಎಂದಿನಂತೆ ಎದುರುಬದುರು ಕೂತೆವು. ಅವಳು "ಆ..." ಎಂದು ಬಾಯಿ ತೆರೆದಳು. ಬಿಸಿಲು ನೇರ ಒಳಗೆ ಬಿತ್ತು. ನಾಲಿಗೆಯ ಮೇಲೆ, ಕೆಳಗಿನ ವಸಡಿನ ಉದ್ದಕ್ಕೂ ಬೆಂದು ಬೆಳ್ಳಗೆ ಸಿಪ್ಪೆ ಎದ್ದಿತ್ತು.

ಕಡ್ಡಿಗಳು ನನ್ನ ಕೈಯಲ್ಲೇ ಉಳಿದವು.

"ಅಜ್ಜೀ, ಸುಣ್ಣ ಸರ್ಯಾಗಿತ್ತಾ ನಿನ್ನೆ?"

ಅವಳು ಬಾಯಿ ಮುಚ್ಚಿಕೊಂಡಳು. ಉಗುಳು ನುಂಗಿ, ಸೆರಗಿನಿಂದ ತುಟಿ ಒರೆಸಿಕೊಂಡಳು.

"ಸರ್ಯಾಗೇ ಇತ್ತು. ನೀ ತೆಗಿ ಬಾಯಿ" ಎಂದು ಮತ್ತೆ ತೆರೆದಳು.